ಕದಿರಿಗೆ ಸುತ್ತಿದ ನೂಲು

ಸಿಟ್ಟು ಬಂದಾಗ ಎಣ್ಣೆ ಡಬ್ಬಿ ಹುಡುಕುವ ಅಭ್ಯಾಸ ನನಗೆ ನಮ್ಮಜ್ಜಿಯಿಂದ ಬಂದದ್ದು. ಅವಳು ಸಿಟ್ಟಾದರೆ ಬಾಯಿ ಬಿಡುತ್ತಿರಲಿಲ್ಲ. ಹರಳೆಣ್ಣೆಯಲ್ಲಿ ಕೋಳಿಗರಿ ಅದ್ದಿಕೊಂಡು ಹೊರಡುತ್ತಿದ್ದಳು. ಮೊದಲು ನೂಲು ಸುತ್ತುವ ರಾಟೆ, ಆಮೇಲೆ ಮಗ್ಗದ ತುಳಿಗೋಲು, ಬಾಗಿಲ ಕೀಲು, ಬಾವಿಯ ಗಾಲಿ, ಕೊನೆಗೆ ಏನೂ ಸಿಗದಿದ್ದರೆ ತಾತನ ಕೊಡೆ. ಸೇಲಂನ ನಮ್ಮ ನೇಕಾರರ ಕೇರಿಯಲ್ಲಿ ಕಿರುಗುಟ್ಟದ ಬಾಗಿಲು ಇದ್ದದ್ದು ನಮ್ಮದೊಂದೇ. ಬಂದವರೆಲ್ಲ ಎಂಥ ಅಚ್ಚುಕಟ್ಟಾದ ಮನೆ ಅನ್ನುತ್ತಿದ್ದರು. ಅದು ಅಚ್ಚುಕಟ್ಟಲ್ಲ, ತಾತನ ಮೇಲಿನ ಸಿಟ್ಟು ಅಂತ ಮನೆಯವರಿಗೆ ಮಾತ್ರ ಗೊತ್ತಿತ್ತು.

ಈ ಬೇಸಿಗೆಯಲ್ಲಿ ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಎಣ್ಣೆ ಕುಡಿದು ತೇಗಿದವು. ನಾನು ಕೆಲಸ ಮಾಡುವ ಸೀರೆ ಅಂಗಡಿಯ ಕತ್ತರಿಗಳೂ ಕುಡಿದವು. ಗಿರಾಕಿಯೊಬ್ಬರ ಕೈಚೀಲದ ಜಿಪ್ಪಿಗೂ ಒಂದು ತೊಟ್ಟು ಬಿಟ್ಟು ಬೈಸಿಕೊಂಡೆ. ಮಗ್ಗ ಬಿಟ್ಟ ಮೇಲೆ ನನ್ನದು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸುವ ಕೆಲಸ. ಒಂದು ಮದುವೆಯ ಮಂದಿ ಬಂದು ಅಂಗಡಿಯ ಅರ್ಧ ಬಿಚ್ಚಿಸಿ, ಒಂದು ಕರವಸ್ತ್ರ ತೆಗೆದುಕೊಂಡು ಹೋದರೂ ನಗುತ್ತಲೇ ಮಡಿಸಬೇಕು. ಅದಕ್ಕೇ ನಾನು ಬಲು ಸಾಧು ಅಂತ ಹೆಸರು. ಸಾಧುವಿನ ಸಿಟ್ಟು ಎಲ್ಲಿ ಹೋಗುತ್ತದೆ ಅಂತ ಕೇಳಿದವರಿಲ್ಲ. ಇಲ್ಲಿ ಬರುತ್ತದೆ, ಈ ಹಾಳೆಯ ಮೇಲೆ.

ಸಿಟ್ಟಿಗೆ ಕಾರಣ ಒಂದು ಕಬ್ಬಿಣದ ಕಡ್ಡಿ. ಗೇಣುದ್ದವೂ ಇಲ್ಲ.

ನನ್ನ ತಂಗಿ ಸರಸುವನ್ನು ಪಾಲಕೋಡಿನ ಆಚೆಗೆ ಒಂದು ಹಳ್ಳಿಗೆ ಕೊಟ್ಟಿದೆ. ನಮ್ಮವರೇ, ಮನೆಯಲ್ಲಿ ಕನ್ನಡವೇ ಆಡುವವರು. ಆದರೆ ಎರಡು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಮಣ್ಣು ಹಿಡಿದವರು. ಅವಳ ಗಂಡ ಲಾರಿ ಓಡಿಸುತ್ತಾನೆ, ಹೋದರೆ ವಾರಗಟ್ಟಲೆ ಉತ್ತರದ ಕಡೆ. ಹಾಗಾಗಿ ಮಾವಿನ ತೋಪನ್ನು ನೋಡುವವಳು ಇವಳೇ. ತೋಪು ಮಾತ್ರ ಅಣ್ಣತಮ್ಮಂದಿರ ನಡುವೆ ಇನ್ನೂ ಪಾಲಾಗದೆ ಒಂದೇ ಆಗಿರುವುದರಿಂದ, ಗಂಡನ ಅಣ್ಣ ರಂಗಪ್ಪನವರಿಗೂ ಅದರಲ್ಲಿ ಸರಿಪಾಲು ಮಾತುಂಟು. ಕೆಲಸ ಸರಸುವಿನದು, ಮಾತು ರಂಗಪ್ಪನವರದು.

ತೋತಾಪುರಿ ಗಿಡಗಳು, ತಗ್ಗಾಗಿ ಬೆಳೆಸಿದವು. ಕೊಂಬೆ ನೆಲಕ್ಕೆ ಬಾಗಿರುತ್ತದೆ. ದೊಡ್ಡ ಟ್ರಾಕ್ಟರ್ ಒಳಗೆ ಬಂದರೆ ಕೊಂಬೆ ಮುರಿಯುತ್ತದೆ. ಆಡು ಬಿಟ್ಟರೆ ಹಿಂಗಾಲ ಮೇಲೆ ನಿಂತು, ಹುಲ್ಲು ಬಿಟ್ಟು ಮಾವಿನಕಾಯಿ ತಿನ್ನುತ್ತದೆ. ಅದಕ್ಕೇ ಸರಸು ಹೊಸೂರಿನ ಕಡೆ ಮುಚ್ಚಿದ ಯಾವುದೋ ಕಾರ್ಖಾನೆಯ ಹುಲ್ಲುಹಾಸು ಕತ್ತರಿಸುತ್ತಿದ್ದ ಪುಟ್ಟ ಟ್ರಾಕ್ಟರ್ ಒಂದನ್ನು ಹಳೇ ಮಾಲಾಗಿ ತಂದಳು. ನೋಡಲು ಜಾತ್ರೆಯ ಆಟಿಕೆಯ ಹಾಗೆ. ಅದರ ಹೊಟ್ಟೆಯ ಕೆಳಗೆ ಮುಚ್ಚಳ ಬೋರಲು ಹಾಕಿದಂತೆ ಒಂದು ತಗಡಿನ ಡೆಕ್ಕು; ಡೆಕ್ಕಿನೊಳಗೆ ಎರಡು ಬ್ಲೇಡು; ಒಂದೊಂದು ಬ್ಲೇಡನ್ನೂ ಗಿರ್ರನೆ ತಿರುಗಿಸಲು ಒಂದೊಂದು ಸ್ಪಿಂಡಲ್ಲು. ಅಂದರೆ ನಮ್ಮ ರಾಟೆಯ ಕದಿರೇ. ಮೇಲೊಂದು ಕೆಳಗೊಂದು ಬೇರಿಂಗಿನ ನಡುವೆ ನೆಟ್ಟಗೆ ನಿಂತು ತಿರುಗುವ ಕಡ್ಡಿ. ಊರವರು ನಕ್ಕರು. ಸರಸು ಅದರ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿ, ಕೊಂಬೆಗಳ ಅಡಿಯಲ್ಲಿ ಬಗ್ಗಿ ಬಗ್ಗಿ ಹುಲ್ಲು ಕೊಯ್ದಳು. ನಗು ನಿಂತಿತು.

ಹುಲ್ಲು ಯಾಕೆ ಕೊಯ್ಯಬೇಕು ಅಂದರೆ, ಹಾವಿಗಾಗಿ. ಚಿತ್ತಿರೆ ತಿಂಗಳ ಬೇಸಿಗೆ ಮಳೆ ನಾಲ್ಕು ಬಿದ್ದರೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಕಾಯಿ ಕೀಳುವ ಹೆಂಗಸರು ಬರಿಗಾಲಲ್ಲಿ ಬರುತ್ತಾರೆ. ಅವರ ಮುಂದಾಳು ಮುನಿಯಮ್ಮ. ಹೋದ ವರ್ಷ ಬೇರೊಂದು ತೋಪಿನಲ್ಲಿ ಅವಳ ನಾದಿನಿಗೆ ಕೊಳಕುಮಂಡಲ ಕಚ್ಚಿ, ಬದುಕಿದಳಾದರೂ ಕಾಲು ಮೊದಲಿನಂತಿಲ್ಲ. ಅಂದಿನಿಂದ ಮುನಿಯಮ್ಮನದು ಒಂದೇ ಮಾತು, ಹುಲ್ಲು ಮಲಗದ ತೋಪಿಗೆ ಕಾಲಿಡಲ್ಲ.

ಹುಲ್ಲಿಗೆ ಮದ್ದು ಹೊಡೆದರೆ ಮುಗಿಯಿತಲ್ಲ ಅನ್ನುವವರು ರಂಗಪ್ಪನವರು. ನೀಲಿ ಡ್ರಮ್ಮಿನಲ್ಲಿ ಔಷಧ ತಂದು ಪಂಪ್‌ಸೆಟ್ ಮನೆಯಲ್ಲಿ ಇಟ್ಟುಕೊಂಡೇ ಇದ್ದಾರೆ. ಸರಸು ಒಪ್ಪಿಲ್ಲ. ಆ ಹುಲ್ಲಿನ ನಡುವೆ ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನ್ನೆ, ಕಿರುಕೀರೆ ಎಲ್ಲ ಬೆಳೆಯುತ್ತವೆ. ಮೇಲೆ ಮೇಲೆ ಕೊಯ್ದರೆ ಅವು ವಾರದಲ್ಲಿ ಮತ್ತೆ ಚಿಗುರುತ್ತವೆ. ಕಾಯಿ ಕೀಳುವ ಹೆಂಗಸರು ಸಂಜೆ ಮನೆಗೆ ಹೊರಡುವಾಗ ಮಡಿಲು ತುಂಬ ಬೆರಕೆ ಸೊಪ್ಪು ಬಿಡಿಸಿಕೊಂಡು ಹೋಗುವುದು ಆ ತೋಪಿನ ಪದ್ಧತಿ. ಸರಸುವಿನ ಅತ್ತೆಯ ಕಾಲದಿಂದ ಬಂದದ್ದು. ಅತ್ತೆ ಸಾಯುವ ಮುಂಚೆ ಇವಳಿಗೆ ಒಡವೆ ಗಿಡವೆ ಏನೂ ಕೊಡಲಿಲ್ಲ, ಯಾವ ಸೊಪ್ಪಿನ ಜೊತೆ ಯಾವ ಸೊಪ್ಪು ಬೇಯಿಸಬೇಕು ಅಂತ ಹೇಳಿಕೊಟ್ಟರು. ಯಂತ್ರ ಓಡಿದರೆ ಹುಲ್ಲು ಮಲಗುತ್ತದೆ, ಸೊಪ್ಪು ಉಳಿಯುತ್ತದೆ. ಓಡದಿದ್ದರೆ ಡ್ರಮ್ಮು ಒಳಗೆ ಬರುತ್ತದೆ. ಲೆಕ್ಕ ಅಷ್ಟೇ.

ಕಾಯಿ ಬಲಿತು ನಿಂತಾಗಲೇ ಯಂತ್ರ ಕೈಕೊಟ್ಟಿತು. ಎಡಗಡೆಯ ಬ್ಲೇಡಿನ ಕಡೆಯಿಂದ, ಸೇರು ಕಡಲೆಕಾಯಿಯನ್ನು ಡಬ್ಬಿಯಲ್ಲಿ ಅಲ್ಲಾಡಿಸಿದಂತೆ ಸದ್ದು ಬರುತ್ತಿದೆ ಅಂತ ಸರಸು ಫೋನ್ ಮಾಡಿದಳು. ನನಗೆ ಯಾಕೆ ಮಾಡಿದಳೋ. ನಾನು ಸ್ಪ್ಯಾನರ್ ಹಿಡಿದವನಲ್ಲ. ಆದರೂ ಅಣ್ಣನಲ್ಲವೇ, ರಜೆ ಹಾಕಿ ಬಸ್ ಹತ್ತಿದೆ. ಚೀಲದಲ್ಲಿ ಏನಿತ್ತು ಅಂತ ಕೇಳಬೇಡಿ. ಎಣ್ಣೆ ಡಬ್ಬಿ.

ಪ್ಲಗ್ಗಿನ ವೈರು ಕಿತ್ತಿಟ್ಟು, ಡೆಕ್ಕು ಬಿಚ್ಚಿ ಅಂಗಾತ ಹಾಕಿದೆವು. ಬಿಚ್ಚಿದವಳು ಸರಸು, ನಾನು ಬೋಲ್ಟು ಹಿಡಿದುಕೊಂಡೆ. ಬ್ಲೇಡು ಹಿಡಿದು ಅಲ್ಲಾಡಿಸಿದರೆ ಬಿದ್ದುಹೋಗುವ ಹಲ್ಲಿನ ಹಾಗೆ ಅಲ್ಲಾಡಿತು. ಒದ್ದೆ ಹುಲ್ಲು ಸುತ್ತಿಕೊಂಡು ಕೆಳಗಿನ ಬೇರಿಂಗಿಗೆ ನೀರು ಹೋಗಿ, ಅದು ತುಕ್ಕು ಹಿಡಿದು ಬಿಗಿದುಕೊಂಡಿದೆ. ಬೇರಿಂಗ್ ತಿರುಗದೆ ಕಡ್ಡಿಯೇ ಅದರೊಳಗೆ ಉಜ್ಜಿ ಉಜ್ಜಿ ತಿರುಗಿ, ಕೂರುವ ಜಾಗದಲ್ಲಿ ಸವೆದು ಸೊಂಟ ಸಣ್ಣಗಾಗಿದೆ. ತುಕ್ಕನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಬೇರಿಂಗ್ ಗರಗರ ಅನ್ನುತ್ತಲೇ ತಿರುಗಿತು. ಆದರೆ ಕಡ್ಡಿಗೂ ಅದಕ್ಕೂ ನಡುವೆ ಸಂದು.

ಅಲ್ಲಿಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರಿಗೂ ಒಂದೇ ನೆನಪು.

ನಮ್ಮ ಮನೆಯ ರಾಟೆಯ ಕದಿರು ಸಡಿಲವಾದಾಗ ಅಜ್ಜಿ ಏನು ಮಾಡುತ್ತಿದ್ದಳು? ಹಾಸಿನ ಗಟ್ಟಿ ನೂಲನ್ನು ಹರಳೆಣ್ಣೆಯಲ್ಲಿ ನೆನೆಸಿ, ಸವೆದ ಜಾಗಕ್ಕೆ ಎಳೆಯ ಪಕ್ಕ ಎಳೆ ಇಟ್ಟು ಬಿಗಿಯಾಗಿ ಸುತ್ತಿ, ಮೇಲೆ ಒಂದಿಷ್ಟು ಗಂಜಿ ಸವರಿ ಒಣಗಿಸುತ್ತಿದ್ದಳು. ಆಮೇಲೆ ಆ ಕದಿರು ಮುಂದಿನ ಹಬ್ಬದ ತನಕ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ನಾವು ಮಕ್ಕಳು ಸ್ಕೂಲು ಮುಗಿಸಿ ಬಂದು ಅದೇ ಕದಿರಿನಲ್ಲಿ ಲಾಳಿಗೆ ಬೇಕಾದ ಕಂಡಿಕೆ ಸುತ್ತಬೇಕಿತ್ತು. ತಮಿಳು ಪದ್ಯ ಬಾಯಿಪಾಠ ಮಾಡುತ್ತ ರಾಟೆ ತಿರುಗಿಸುತ್ತಿದ್ದೆವು; ನೂಲು ತುಂಡಾದ ಕಡೆಯೆಲ್ಲ ಪದ್ಯವೂ ತುಂಡಾಗುತ್ತಿತ್ತು. ಇವತ್ತಿಗೂ ಆ ಪದ್ಯ ನನಗೆ ಗಂಟು ಗಂಟಾಗಿಯೇ ಬರುತ್ತದೆ.

ಸರಸು ಹಳೇ ಮಂಚದ ಕೆಳಗಿಂದ ನೂಲಿನ ಲಡಿ ತಂದಳು. ನೇಕಾರರ ಮನೆಯ ಹೆಣ್ಣು ಎಲ್ಲಿಗೆ ಹೋದರೂ ಒಂದು ಲಡಿ ಇಟ್ಟುಕೊಂಡಿರುತ್ತಾಳೆ, ಮಲ್ಲಿಗೆ ಕಟ್ಟಲಿಕ್ಕಾದರೂ. ಅವಳು ಕಡ್ಡಿ ಹಿಡಿದಳು, ನಾನು ಸುತ್ತಿದೆ. ಎಡಕ್ಕೆ ಸುತ್ತಬೇಕೋ ಬಲಕ್ಕೋ ಅಂತ ಜಗಳವಾಡಿದೆವು. ಅಜ್ಜಿಯ ಕೈ ಯಾವ ಕಡೆ ಹೋಗುತ್ತಿತ್ತು ಅಂತ ಇಬ್ಬರೂ ಗಾಳಿಯಲ್ಲಿ ಸುತ್ತಿ ನೋಡಿದೆವು. ರಂಗಪ್ಪನವರು ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ತಮ್ಮ ನೀಲಿ ಡ್ರಮ್ಮಿನ ಮೇಲೆ ಕಾಲು ಇಳಿಬಿಟ್ಟು ಕೂತು ನೋಡುತ್ತಿದ್ದರು.

"ಏನಪ್ಪಾ ಮಾಪಿಳ್ಳೆ, ಟ್ರಾಕ್ಟರಿಗೆ ಸೀರೆ ನೇಯ್ತಾ ಇದೀರಾ, ಇಲ್ಲ ರವಿಕೆನಾ?"

ತಮ್ಮನ ಹೆಂಡತಿಯ ಅಣ್ಣನಾದ ನನ್ನನ್ನು ಅವರು ಕರೆಯುವುದೇ ಹಾಗೆ, ಮಾಪಿಳ್ಳೆ ಅಂತ. ನಾನು ನಕ್ಕೆ. ಅಂಗಡಿಯ ನಗು. ಬೇರಿಂಗು ನೂಲಿನ ಮೇಲೆ ಟಕ್ಕನೆ ಕೂತಾಗ ಮಾತ್ರ ಎದೆ ಉಬ್ಬಿದ್ದು ನಿಜ. ಅಷ್ಟು ಅಂದವಾಗಿ ಕೂತಿತ್ತು.

ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೇ ಸಾಲಿನ ತಿರುವಿನಲ್ಲಿ ದೀಪದ ಬತ್ತಿ ಆರಿದಂಥ ವಾಸನೆ ಬಂತು. ರಾಟೆಯ ಕದಿರು ಕೈಯ ವೇಗಕ್ಕೆ ತಿರುಗುತ್ತದೆ. ಇದು ಎಂಜಿನ್ನಿನ ವೇಗಕ್ಕೆ. ನೂಲು ಸುಟ್ಟು ಬೂದಿಯಾಗಿ, ಬ್ಲೇಡು ವಾಲಿ, ಡೆಕ್ಕಿನ ತಗಡಿಗೆ ಬಡಿಯಿತು. ಒಂದು ಕಲ್ಲು ಚಿಮ್ಮಿ ಪಂಪ್‌ಸೆಟ್ ಮನೆಯ ಗೋಡೆಗೆ, ರಂಗಪ್ಪನವರ ಕಿವಿಯ ಪಕ್ಕಕ್ಕೆ ಹೋಗಿ ನಾಟಿತು. ಸರಸು ಎಂಜಿನ್ ನಿಲ್ಲಿಸಿದಳು. ರಂಗಪ್ಪನವರು ಕಲ್ಲನ್ನೂ ನೋಡಿದರು, ನನ್ನನ್ನೂ ನೋಡಿದರು.

"ಆಯ್ತಲ್ಲ ನಿಮ್ಮ ನೇಯ್ಗೆ. ಇನ್ನ ನಾನು ಮದ್ದು ಒಡೀತೀನಿ."

"ಕಂಪನಿ ಕಡೆ ಓಗಿ ಸಾಮಾನು ತತ್ತೀನಿ ಬಾವ. ನಾ ಬರೋಗಂಟ ಡ್ರಮ್ ಮುಟ್ಬೇಡ," ಅಂದಳು ಸರಸು.

ಮುನಿಯಮ್ಮನ ತಂಡ ಆ ವಾರ ಬೇರೆ ತೋಪಿನಲ್ಲಿ ಕೀಳುತ್ತಿತ್ತು, ಮುಂದಿನ ವಾರ ನಮ್ಮ ಸರದಿ. ಅಷ್ಟರಲ್ಲಿ ಸರಿಯಾದರೆ ಸಾಕಿತ್ತು. ರಂಗಪ್ಪನವರು ತಲೆ ಆಡಿಸಿದರು. ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಒಗ್ಗುವ ಆಡಿಸುವಿಕೆ ಅದು.

ಸವೆದ ಕಡ್ಡಿ, ಬೇರಿಂಗು, ಅವನ್ನು ಹಿಡಿದಿಡುವ ಅಲ್ಯೂಮಿನಿಯಂ ಗೂಡು, ಮೂರನ್ನೂ ಹಳೇ ಸೀರೆಯಲ್ಲಿ ಕಟ್ಟಿಕೊಂಡು ಸೇಲಂಗೆ ಬಂದೆವು. ಇಂಥ ಯಂತ್ರ ಮಾರುವ ಅಂಗಡಿ ಒಂದಿದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಟೈ ಕಟ್ಟಿದ ಒಬ್ಬ ಮನುಷ್ಯ. ನನಗೆ ಸಿಟ್ಟು ಶುರುವಾದದ್ದು ಅಲ್ಲಿ. ಇನ್ನೂ ಇಳಿದಿಲ್ಲ.

ಕೇಳಿದವಳು ಸರಸು. ಯಂತ್ರ ಓಡಿಸುವವಳು, ಬಿಚ್ಚಿದವಳು, ಎಲ್ಲಿ ಸವೆದಿದೆ ಅಂತ ಬೆರಳಿಟ್ಟು ತೋರಿಸಿದವಳು ಅವಳು. ಆತ ಉತ್ತರ ಹೇಳಿದ್ದೆಲ್ಲ ನನಗೆ. ಅವಳು ಕಡ್ಡಿ ಮಾತ್ರ ಸಿಗುತ್ತದಾ ಅಂದರೆ, ಆತ ನನ್ನ ಕಡೆ ತಿರುಗಿ, ಬಿಡಿ ಬಿಡಿಯಾಗಿ ಬರುವುದಿಲ್ಲ, ಡೆಕ್ಕು ಪೂರ್ತಿ ಸೆಟ್ಟಾಗಿಯೇ ಬರುತ್ತದೆ, ಅದೂ ಈ ಹಳೇ ಮಾಡೆಲ್ಲಿಗೆ ನಿಂತುಹೋಗಿದೆ, ಹೊಸ ಗಾಡಿ ನೋಡಿ ಸಾರ್ ಅಂದ. ಅವಳು ಬೇರಿಂಗಾದರೂ ಇದೆಯಾ ಅಂದಳು. ಆತ ನನಗೆ ಬಣ್ಣದ ಪುಸ್ತಕ ಕೊಟ್ಟ. ಅದರಲ್ಲಿ ಒಬ್ಬ ಬಿಳಿಯ, ಹಾವೇ ಇಲ್ಲದ ಹುಲ್ಲಿನ ಮೇಲೆ, ಕಾಫಿ ಹಿಡಿದುಕೊಂಡು ಗಾಡಿ ಓಡಿಸುತ್ತಿದ್ದ.

ನೀವೇ ಹೇಳಿ. ಬೆಂಕಿಪೊಟ್ಟಣದಷ್ಟು ಜಾಗ ಸವೆದರೆ ಇಡೀ ಡೆಕ್ಕು ಎಸೆಯಬೇಕಂತೆ. ಈಗ ಎಲ್ಲವೂ ಹೀಗೇ. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗೆ ಒಂದು ತಿರುಪೂ ಇಲ್ಲ. ಟಾರ್ಚು ಬಿಚ್ಚಲು ಬರುವುದಿಲ್ಲ. ಮಿಕ್ಸಿಯ ಬುಡದಲ್ಲಿ ಬಿಚ್ಚಬೇಡಿ ಅಂತ ನಾಲ್ಕು ಭಾಷೆಯಲ್ಲಿ ಬರೆದಿದ್ದಾರೆ, ಕನ್ನಡವೂ ಸೇರಿ. ಈ ಊರಿನಲ್ಲಿ ಯಾರೋ ನಮ್ಮ ಭಾಷೆಯನ್ನು ಅಚ್ಚು ಹಾಕಿಸಿದ್ದಾರೆ ಅಂತ ಹಿಗ್ಗಿ ಓದಿದರೆ, ಬೇಡ ಅನ್ನಲಿಕ್ಕೆ. ತಾತನ ಕೊಡೆಗೆ ಎಷ್ಟು ಸಲ ಹೊಸ ಕಡ್ಡಿ, ಎಷ್ಟು ಸಲ ಹೊಸ ಬಟ್ಟೆ ಹಾಕಿದ್ದರೋ, ಅದು ಕೊನೆಯ ತನಕ ತಾತನ ಕೊಡೆಯೇ ಆಗಿತ್ತು. ಸವೆಯುವುದು ವಸ್ತುವಿನ ತಪ್ಪಲ್ಲ, ದುಡಿದಿದೆ ಅಂತ ಅರ್ಥ. ದುಡಿದದ್ದಕ್ಕೆ ಶಿಕ್ಷೆ ಕೊಡುವ ಅಂಗಡಿಗೆ ಗಾಜಿನ ಬಾಗಿಲು ಬೇರೆ.

ಇಷ್ಟೆಲ್ಲ ನಾನು ಆತನಿಗೆ ಹೇಳಿದೆ ಅಂದುಕೊಂಡಿರಾ. ಇಲ್ಲ. ಪರವಾಗಿಲ್ಲ ಸಾರ್, ಯೋಚನೆ ಮಾಡ್ತೀವಿ ಅಂದೆ. ಬಾರ್ಡರ್ ಮಾತ್ರ ಬೇಕು ಅಂದವರಿಗೆ ಸೀರೆ ಪೂರ್ತಿ ತಗೋಬೇಕಮ್ಮ ಅಂತ ದಿನವೂ ನಾನು ಹೇಳುವ ದನಿಯನ್ನೇ ಆತ ನನ್ನ ಮೇಲೆ ಪ್ರಯೋಗಿಸಿದ್ದ. ಗುರುತು ಹಿಡಿದ ನಾಲಿಗೆ ತಾನಾಗಿಯೇ ಮೆತ್ತಗಾಯಿತು.

ಆಗಲೇ ಆತನ ಕಣ್ಣಿಗೆ ಕಡ್ಡಿಯ ಮೇಲೆ ಅಂಟಿಕೊಂಡಿದ್ದ ಸುಟ್ಟ ನೂಲು ಬಿತ್ತು. ಇದೇನು ಅಂದ. ನೂಲು ಅಂದೆ. ಒಳಗಿದ್ದ ಇಬ್ಬರನ್ನು ಕರೆದು ತೋರಿಸಿದ. ಅವರು ನಕ್ಕರು. ಒಬ್ಬ ಫೋನಿನಲ್ಲಿ ಫೋಟೋ ತೆಗೆದುಕೊಂಡ. ನಮ್ಮಜ್ಜಿಯ ಕೈಕೆಲಸ ಈಗ ಯಾರ ಯಾರ ಫೋನಿನಲ್ಲಿ ನಗೆಪಾಟಲಾಗಿ ಓಡಾಡುತ್ತಿದೆಯೋ.

ಸರಸು ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡಳು. ತಮಿಳಿನಲ್ಲೇ ಹೇಳಿದಳು, ದನಿ ಏರಿಸಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: "ನಮ್ಮಣ್ಣ ನೂಲು ಸುತ್ತಿದ್ದು ತಪ್ಪೇ. ಅವ್ನು ಕೈಯಾದ್ರೂ ಇಕ್ಕಿ ನೋಡ್ದ. ನೀವು ಮೂರ್ ಜನ ಇಷ್ಟೊತ್ತಿಂದ ನಗ್ತಾ ಇದೀರ, ಒಬ್ರೂ ಇನ್ನ ಮುಟ್ಟಿ ನೋಡಿಲ್ಲ."

ಹೊರಗೆ ಬಂದು, ಗಾಜಿನ ಬಾಗಿಲಿನ ಎದುರಿಗೇ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಬೇರಿಂಗಿನ ಮುಖ ಒರೆಸಿದಳು. ತುಕ್ಕಿನ ಕೆಳಗೆ ಕೊರೆದ ಅಂಕಿಗಳು ಕಂಡವು. ನಾಲ್ಕು ಅಂಗಡಿ ಆಚೆಗೆ, ನೀರೆತ್ತುವ ಮೋಟಾರಿಗೆ ಬೇರಿಂಗ್ ಮಾರುವ ಗೂಡಂಗಡಿಯಲ್ಲಿ ಆ ಅಂಕಿ ಹೇಳಿದರೆ, ಅವನು ತಲೆಯೂ ಎತ್ತದೆ ಡ್ರಾಯರಿನಿಂದ ಎರಡು ತೆಗೆದು ಕೊಟ್ಟ. ಎಲ್ಲ ಮೋಟಾರಿಗೂ ಅದೇ ಅಂತೆ. ನಾಲ್ಕು ಅಂಗಡಿ ಆಚೆಗೆ. ನನ್ನ ಸಿಟ್ಟು ಹೇಳಿ ತಪ್ಪಾ?

ಕಡ್ಡಿಯನ್ನು ಹೊಸದಾಗಿ ಕಡೆಯಬೇಕಿತ್ತು. ಅದಕ್ಕೆ ಓಮಲೂರಿನಲ್ಲಿ ನನ್ನ ಪರಿಚಯದ ಒಂದು ಲೇತ್ ಪಟ್ಟರೆ, ಕಬ್ಬಿಣ ಕಡೆಯುವ ಪುಟ್ಟ ಕಾರ್ಖಾನೆ. ಲೇತಿನವನು ಮಹಾ ಸೋಮಾರಿ. ನಾಳೆ ಬೆಳಿಗ್ಗೆ ಅಂದ, ಸಂಜೆ ಅಂದ, ಕರೆಂಟಿಲ್ಲ ಅಂದ. ಕೊಟ್ಟಾಗ ಕಡ್ಡಿ ಒಂದು ಕೂದಲು ದಪ್ಪ, ಬೇರಿಂಗ್ ಇಳಿಯಲಿಲ್ಲ. ಸುತ್ತಿಗೆಯಿಂದ ಹೊಡೆದು ಇಳಿಸುತ್ತೇನೆ ಅಂದ. ಸರಸು ಸುತ್ತಿಗೆ ಕಸಿದುಕೊಂಡು ಇನ್ನೊಂದು ಸಲ ಕಡೆಸಿದಳು. ಗೂಡಿನ ತೂತು ಸವೆದು ಅಗಲವಾಗಿತ್ತು. ಅದಕ್ಕೊಂದು ಬಳೆ ಹಾಕಿಸಿದಳು. ಅವಳು ನಮ್ಮ ಮನೆಯಲ್ಲೇ ಇದ್ದಷ್ಟು ದಿನವೂ ನಾನು ಎಣ್ಣೆ ಡಬ್ಬಿ ಹಿಡಿದು ಮನೆ ಸುತ್ತಿದೆ. ಗಂಡ ಲಾರಿಯಿಂದ ಫೋನ್ ಮಾಡಿ, ನಮ್ಮಣ್ಣ ಹೇಳಿದಂಗೆ ಬಿಡಬಾರ್ದಾ, ಯಾಕಿಷ್ಟು ಪಾಡು ಅಂದನಂತೆ. ಇವಳು ಸಿಗ್ನಲ್ ಇಲ್ಲ ಅಂತ ಇಟ್ಟಳು. ಸಿಗ್ನಲ್ ಇತ್ತು.

ಬೇರಿಂಗಿನಲ್ಲಿ ಇಷ್ಟೂ ಅಲುಗಾಟವಿಲ್ಲದ ಹೊಸ ಕದಿರನ್ನು ಮಡಿಲಲ್ಲಿ ಇಟ್ಟುಕೊಂಡು ಸರಸು ಪಾಲಕೋಡ್ ಬಸ್ಸಿನಲ್ಲಿ ಕೂತಿದ್ದಳು, ಹಸುಗೂಸಿನ ಹಾಗೆ. ತೋಪಿನ ಬೇಲಿ ಕಂಡಾಗ ಸೀಟಿನಿಂದ ಎದ್ದು ನಿಂತಳು. ದಾರಿಯ ಪಕ್ಕದ ಮೂರು ಸಾಲು ಗಿಡಗಳ ಕೆಳಗೆ ಹುಲ್ಲು ಹಳದಿಯಾಗಿ ನಿಂತಿತ್ತು. ನಾವು ಸೇಲಂ ಬಸ್ ಹತ್ತಿದ ದಿನವೇ ಹೊಡೆದಿದ್ದರು. ಮಿಕ್ಕದ್ದಕ್ಕೆ ಮದ್ದು ಹೊಡೆಯುವ ಪಂಪು ಕೆಟ್ಟಿತ್ತಂತೆ, ಇಲ್ಲದಿದ್ದರೆ ಎಲ್ಲವೂ ಹೋಗುತ್ತಿತ್ತು. ಗೋಣಿಸೊಪ್ಪು ಸುಟ್ಟ ಕಾಗದದಂತೆ ಸುರುಟಿಕೊಂಡಿತ್ತು.

ನಿನಗೆ ಉಪಕಾರ ಆಗ್ಲಿ ಅಂತ ಮದ್ದು ಒಡೆದೆ ಅಂದರು ರಂಗಪ್ಪನವರು. ನಾನು ಬಾಯಿ ತೆರೆದೆ. ಸರಸು ನನ್ನ ಕೈಗೆ ಬೋಲ್ಟುಗಳನ್ನು ಕೊಟ್ಟಳು, ಹಿಡ್ಕೋ ಅಂದಳು.

ಸ್ಪಿಂಡಲ್ ಕೂರಿಸಿ, ಬ್ಲೇಡು ಬಿಗಿದು, ಎಂಜಿನ್ ಚಾಲು ಮಾಡಿದಾಗ ಕಡಲೆಕಾಯಿಯ ಸದ್ದಿಲ್ಲ. ಒಂದೇ ಎಳೆಯ ಗುಂಯ್. ಮಾರನೆಯ ದಿನ ಮುನಿಯಮ್ಮನ ತಂಡ ಬಂದಾಗ ಹಸಿರು ಕಡೆಯ ಹುಲ್ಲೆಲ್ಲ ಚಾಪೆ ಹಾಸಿದಂತೆ ಮಲಗಿತ್ತು. ಹೆಂಗಸರು ಅಲ್ಲಿ ನುಗ್ಗಿದರು. ಹಳದಿ ಸಾಲುಗಳ ಹತ್ತಿರ ಬಂದು ನಿಂತರು. ಮದ್ದು ಹೊಡೆದದ್ದಲ್ಲವೇ, ಇನ್ನೇನು ಭಯ, ಒಳಗೆ ಹೋಗಿ ಅಂತ ರಂಗಪ್ಪನವರು ಅವಸರಪಡಿಸಿದರು. ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಸಿರಿದ್ರೇನು ಒಣಗಿದ್ರೇನು ಯಜಮಾನ್ರೇ, ಉಲ್ಲು ನಿಂತೇ ಐತಲ್ಲ. ಆವು ಬಣ್ಣ ನೋಡಿ ಮನೆ ಬದಲಾಯಿಸ್ತದಾ?"

ಮದ್ದು ಹುಲ್ಲನ್ನು ಕೊಲ್ಲುತ್ತದೆ, ಮಲಗಿಸುವುದಿಲ್ಲ. ಡ್ರಮ್ಮಿನ ಮೇಲೆ ಕೂತು ಇಷ್ಟು ದಿನ ಮಾತಾಡಿದ ಮನುಷ್ಯನಿಗೆ ಇದು ಹೊಳೆದೇ ಇರಲಿಲ್ಲ. ಅವರು ನನ್ನ ಬಳಿ ಬಂದು, ದನಿ ಇಳಿಸಿ, ಮಾಪಿಳ್ಳೆ, ಆ ಮೂರು ಸಾಲಿಗೂ ಗಾಡಿ ಒಂದು ಸಲ ಬಿಡಕ್ಕೆ ನಿನ್ನ ತಂಗಿಗೆ ಏಳಪ್ಪ ಅಂದರು. ನನ್ನ ನಾಲಿಗೆ ಆಗಲೇ ಪರವಾಗಿಲ್ಲ ಅನ್ನಲು ಮಡಿಕೆ ಹಾಕುತ್ತಿತ್ತು. ಸರಸುವಿಗೆ ಕೇಳಿಸಿತು. ಗಾಡಿ ನಿಲ್ಲಿಸಿದಳು, ಇಳಿಯಲಿಲ್ಲ.

"ಆ ಮದ್ದಿನ ದೂಳು ನಾನು ಕುಡಿಯಲ್ಲ ಬಾವ. ಅವ್ರನ್ನೂ ಒಳಗೆ ಕಳ್ಸಲ್ಲ. ಅದು ನೀನು ಮಾಡಿದ ಜಾಗ. ಕಾಯಿ ಬೇಕಾದ್ರೆ ದೋಟಿ ತಗೊಂಡು ನೀನೇ ಓಗು."

ಹೆಂಗಸರ ಕೈಗಳು ಕೊಂಬೆಯ ಮೇಲೆ ನಿಂತವು. ಗೋಡೆಗೆ ಒರಗಿಸಿದ್ದ ದೋಟಿಯನ್ನು ನಾನು ತೆಗೆದು ರಂಗಪ್ಪನವರಿಗೆ ಕೊಟ್ಟೆ. ಜನ್ಮದಲ್ಲಿ ನಾನು ಯಾರಿಗೂ ನಗದೆ ಕೊಟ್ಟ ಮೊದಲ ವಸ್ತು ಅದೇ ಇರಬೇಕು.

ಅವರು ಅದರ ಬುಡದಿಂದ ನೆಲ ಕುಟ್ಟಿದರು. ಒಂದು ಹೆಜ್ಜೆ ಹಳದಿ ಹುಲ್ಲಿನೊಳಗೆ ಇಟ್ಟು, ತೆಗೆದುಕೊಂಡರು. ಆಮೇಲೆ ದಾರಿಯಲ್ಲೇ ನಿಂತು ದೋಟಿಗೆ ಎಟುಕಿದಷ್ಟು ಕಾಯಿ ಕಿತ್ತರು. ಎಟುಕದ್ದು ಬಿಟ್ಟರು. ಸಂಜೆ ಹೆಂಗಸರು ಈಚೆ ಕಡೆ ಉಳಿದ ಸೊಪ್ಪು ಬಿಡಿಸಿ ಮಡಿಲು ತುಂಬಿಕೊಂಡು ಹೋದ ಮೇಲೆ, ನಾನೂ ಸರಸುವೂ ತೋಪಿನ ಪಕ್ಕದ ಮನೆಯ ಜಗಲಿಯ ಮೇಲೆ ಕೂತಿದ್ದೆವು; ರಂಗಪ್ಪನವರು ಒಳಗಿದ್ದರು. ಆಚೆಯ ಸಾಲಿನಲ್ಲಿ ಬಲಿತ ಕಾಯಿ ಒಂದು ಒಣಹುಲ್ಲಿಗೆ ದೊಪ್ಪನೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಿದ್ದಾಗಲೆಲ್ಲ ಸರಸು ಅತ್ತ ತಿರುಗಿ ನೋಡುತ್ತಿದ್ದಳು. ಅವಳು ನೀರು ಹಾಯಿಸಿ ಬೆಳೆಸಿದ ಕಾಯಿ. ನಾನು ಹೋಗಿ ಎತ್ತಿಕೊಂಡು ಬರಲಾ ಅಂದೆ. ಬೇಡ, ಬೀಳ್ಲಿ, ಬಾವಂಗೂ ಕೇಳಿಸ್ಲಿ ಅಂದಳು.